ಮಲೆನಾಡಿನ ಟೆಂಟಿಗೆ ಮನೆಯ ನಾಯಿ

ರಜೆ ಬಂತೆಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಕುಟುಂಬಗಳು ಕೊಡಗು, ಚಿಕ್ಕಮಗಳೂರು, ಸಕಲೇಶಪುರ, ದಾಂಡೇಲಿ, ಕಬಿನಿ ಕಡೆಗೆ ಹೊರಡುತ್ತವೆ. ಕಾಫಿ ತೋಟದ ನಡುವೆ, ಹೊಳೆಯ ಪಕ್ಕದಲ್ಲಿ, ಕಾಡಂಚಿನಲ್ಲಿ ಟೆಂಟು ಮತ್ತು ಕಾಟೇಜುಗಳ ಶಿಬಿರಗಳು ಎದ್ದಿವೆ. ಈಜುಕೊಳ, ಮಕ್ಕಳ ಆಟದ ಬಯಲು, ರಾತ್ರಿ ಬೆಂಕಿಯ ಸುತ್ತ ಕೂರುವ ಅಂಗಳ ಅಲ್ಲಿರುತ್ತವೆ. ಮನೆಯಲ್ಲಿ ನಾಯಿ ಇದ್ದವರಿಗೆ ಕೋಣೆ ಕಾದಿರಿಸುವ ಹೊತ್ತಿಗೇ ಒಂದು ಪ್ರಶ್ನೆ ಎದುರಾಗುತ್ತದೆ: ನಾಯಿಯನ್ನೂ ಕರೆದೊಯ್ಯುವುದೋ, ಬಿಟ್ಟು ಹೋಗುವುದೋ? ನಾಯಿ ಸಾಕುವವರು, ಶಿಬಿರ ನಡೆಸುವವರು ಮತ್ತು ಪಶುವೈದ್ಯರು ಈ ಪ್ರಶ್ನೆಯನ್ನು ಒಂದೊಂದು ಕಡೆಯಿಂದ ನೋಡುತ್ತಾರೆ. ಆ ಮೂವರ ಮಾತು ಇಲ್ಲಿದೆ.

ಸಾಕುವವರು: ನಾಯಿ ಮನೆಯವರಲ್ಲಿ ಒಬ್ಬನಂತೆ ಬೆಳೆದಿರುತ್ತದೆ. ಮನೆಮಂದಿಯೆಲ್ಲ ಚೀಲ ಹಿಡಿದು ಹೊರಟರೆ ಅದು ಬಾಗಿಲಲ್ಲಿ ನಿಂತು ನೋಡುತ್ತದೆ. ಎರಡು ದಿನ ಊಟ ಬಿಡುವ ನಾಯಿಗಳೂ ಇವೆ. ಬಯಲು, ಮರ, ನೀರು ಇರುವ ಕಡೆಗೆ ಹೋಗುವಾಗ ಅದನ್ನು ಮಾತ್ರ ಫ್ಲ್ಯಾಟಿನೊಳಗೆ ಬಿಟ್ಟು ಹೋಗುವುದು ಅನ್ಯಾಯ ಎಂದು ಸಾಕಿದವರಿಗೆ ಅನಿಸುತ್ತದೆ.

ವೈದ್ಯರು: ಆ ಪ್ರೀತಿ ಸರಿಯಾದದ್ದೇ. ಆದರೆ ಹೊಸ ಜಾಗ ಮನುಷ್ಯರಿಗೆ ಕೊಡುವ ಸುಖವನ್ನು ನಾಯಿಗೂ ಕೊಡುತ್ತದೆ ಎಂದು ಹೇಳಲಾಗದು. ಗುರುತಿರುವ ವಾಸನೆ, ಗುರುತಿರುವ ಜನ, ಹೊತ್ತಿಗೆ ಸರಿಯಾದ ಊಟ ಮತ್ತು ನಡಿಗೆ ಇದ್ದರೆ ನಾಯಿ ನೆಮ್ಮದಿಯಾಗಿರುತ್ತದೆ. ಆರು ಗಂಟೆಯ ಕಾರಿನ ಪ್ರಯಾಣ, ಬಟ್ಟೆಯ ಗೋಡೆಯ ಟೆಂಟು, ಹತ್ತಾರು ಅಪರಿಚಿತರು, ರಾತ್ರಿಯಿಡೀ ಕಾಡಿನ ಸದ್ದು ಕೆಲವು ನಾಯಿಗಳಿಗೆ ಹಬ್ಬ, ಕೆಲವಕ್ಕೆ ಹಿಂಸೆ. ಬಾಲವನ್ನು ಕಾಲ ನಡುವೆ ಸೇರಿಸಿಕೊಂಡು, ಬಿಡದೆ ತೇಕುತ್ತ, ಮತ್ತೆ ಮತ್ತೆ ಆಕಳಿಸುತ್ತ, ತುಟಿ ನೆಕ್ಕಿಕೊಳ್ಳುತ್ತ ಇರುವ ನಾಯಿ ಖುಷಿಯಲ್ಲಿಲ್ಲ, ಭಯದಲ್ಲಿದೆ. ಮನೆಯ ಸದಸ್ಯ ಎಂದ ಮೇಲೆ ಆ ಸದಸ್ಯನಿಗೆ ಯಾವುದು ಹಿತ ಎಂಬುದನ್ನೇ ಮೊದಲು ಕೇಳಬೇಕು.

ಶಿಬಿರದವರು: ಎರಡನೆಯ ಪ್ರಶ್ನೆ ಉಳಿದ ಅತಿಥಿಗಳದ್ದು. ಕುಟುಂಬದ ಶಿಬಿರದಲ್ಲಿ ಎಳೆಯ ಮಕ್ಕಳು, ವಯಸ್ಸಾದವರು, ನಾಯಿಯೆಂದರೆ ನಡುಗುವವರು, ನಾಯಿಯ ಕೂದಲಿನಿಂದ ಉಬ್ಬಸ ಹೆಚ್ಚುವವರು ಇರುತ್ತಾರೆ. ಅವರೂ ಹಣ ಕೊಟ್ಟೇ ಬಂದಿರುತ್ತಾರೆ. ಮೂರನೆಯದು ಜಾಗದ ಪ್ರಶ್ನೆ. ಶಿಬಿರದ ಬೇಲಿ ದಾಟಿದರೆ ಯಾರದೋ ತೋಟ, ಯಾರದೋ ದನಕರು ಇರುತ್ತವೆ, ಅದರಾಚೆ ಕಾಡು. ನಾಯಿ, ಜನ, ಜಾಗ ಈ ಮೂರಕ್ಕೂ ಒಗ್ಗಿದರೆ ಮಾತ್ರ ಕರೆತರುವುದು ಸರಿ. ಒಂದಕ್ಕೆ ಒಗ್ಗದಿದ್ದರೂ ಬಿಟ್ಟು ಬರುವುದೇ ಸರಿ.

ಸಾಕುವವರು: ಹಾಗಾದರೆ ಜಾಗದಿಂದಲೇ ತೊಡಗಬಹುದು. ಎಲ್ಲ ಶಿಬಿರಗಳೂ ಕಾಡಿನೊಳಗಿಲ್ಲ. ಬೆಂಗಳೂರಿನ ಸುತ್ತಮುತ್ತ ಕೆರೆ ದಂಡೆಯ, ಮಾವಿನ ತೋಪಿನ ಶಿಬಿರಗಳೂ ಇವೆ.

ಶಿಬಿರದವರು: ಅವು ಬೇರೆ, ಕಾಡಂಚಿನವು ಬೇರೆ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಮೀಸಲು ಪ್ರದೇಶಗಳಿಗೆ ಸಾಕುನಾಯಿಯನ್ನು ಒಯ್ಯುವಂತಿಲ್ಲ. ಬಂಡೀಪುರ, ನಾಗರಹೊಳೆಯ ಸಫಾರಿ ಗಾಡಿಯಲ್ಲಿ ಅದಕ್ಕೆ ಜಾಗವಿಲ್ಲ. ಕುದುರೆಮುಖದ ಚಾರಣ ರಾಷ್ಟ್ರೀಯ ಉದ್ಯಾನದೊಳಗಿನದು, ಕುಮಾರಪರ್ವತದ ಹಾದಿ ಪುಷ್ಪಗಿರಿ ಅಭಯಾರಣ್ಯದೊಳಗಿನದು. ಕಬಿನಿಗೆ ಬಂದ ಕುಟುಂಬ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಸಫಾರಿಗೆ ಹೊರಟರೆ ನಾಯಿ ಎರಡು ಹೊತ್ತೂ ಅಪರಿಚಿತ ಕೋಣೆಯಲ್ಲಿ ಒಂಟಿಯಾಗಿ ಬೊಗಳುತ್ತಿರುತ್ತದೆ. ಮಲೆನಾಡಿನ ಪ್ರವಾಸದಲ್ಲಿ ದೇವಸ್ಥಾನವೂ ಸೇರಿರುತ್ತದೆ. ಶೃಂಗೇರಿ, ಧರ್ಮಸ್ಥಳ, ಕುಕ್ಕೆ, ತಲಕಾವೇರಿ ಎಲ್ಲಿಗೆ ಹೋದರೂ ಮನೆಯವರಲ್ಲಿ ಒಬ್ಬರು ನಾಯಿಯೊಡನೆ ಹೊರಗೇ ಉಳಿಯಬೇಕು. ಮೂರು ದಿನದ ಕಾರ್ಯಕ್ರಮವನ್ನು ಒಂದು ಹಾಳೆಯಲ್ಲಿ ಬರೆದು, ಯಾವ ಯಾವ ಗಂಟೆಯಲ್ಲಿ ನಾಯಿ ಜೊತೆಗಿರಬಹುದು ಎಂದು ಗುರುತು ಹಾಕಿದರೆ ಉತ್ತರ ಅರ್ಧ ಸಿಕ್ಕಂತೆ. ಅರ್ಧಕ್ಕಿಂತ ಹೆಚ್ಚು ಹೊತ್ತು ಅದು ಒಂಟಿಯಾಗಿ ಇರಬೇಕಾದರೆ ಕರೆತಂದು ಪ್ರಯೋಜನವಿಲ್ಲ.

ಸಾಕುವವರು: ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ನಾಯಿಯೊಡನೆ ಕ್ಯಾಂಪಿಂಗ್ ಹೋಗುತ್ತಾರೆ. ಅಲ್ಲಿಯ ರಾಷ್ಟ್ರೀಯ ಉದ್ಯಾನಗಳಲ್ಲೂ ಕ್ಯಾಂಪ್ ಮೈದಾನಕ್ಕೆ ನಾಯಿಯನ್ನು ಬಿಡುತ್ತಾರಲ್ಲ?

ಶಿಬಿರದವರು: ಬಿಡುತ್ತಾರೆ, ಆದರೆ ಕಟ್ಟುನಿಟ್ಟಾದ ಗೆರೆ ಎಳೆದು ಬಿಡುತ್ತಾರೆ. ಹಗ್ಗ ಆರು ಅಡಿಗಿಂತ ಉದ್ದ ಇರುವಂತಿಲ್ಲ. ಯೆಲ್ಲೊಸ್ಟೋನ್‌ನಲ್ಲಿ ರಸ್ತೆ, ವಾಹನ ನಿಲುಗಡೆ, ಕ್ಯಾಂಪ್ ಮೈದಾನಗಳಿಂದ ನೂರು ಅಡಿಯೊಳಗೇ ನಾಯಿ ಇರಬೇಕು. ಕಾಲುಹಾದಿಗೂ ಬಿಸಿನೀರ ಬುಗ್ಗೆಗಳ ಬಳಿಯ ಮರದ ಹಾದಿಗೂ ಅದಕ್ಕೆ ಪ್ರವೇಶವಿಲ್ಲ. ಅಷ್ಟು ವಿಸ್ತಾರವಾದ ನಾಡಿನಲ್ಲೂ ಕಾಡಿಗೂ ನಾಯಿಗೂ ನಡುವೆ ಅಂತರ ಕಾಯುತ್ತಾರೆ. ಕರ್ನಾಟಕದಲ್ಲಿ ಹಲವೆಡೆ ತೋಟದ ಬೇಲಿಯೇ ಕಾಡಿನ ಗಡಿ. ಇಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು.

ಸಾಕುವವರು: ನಾಯಿಗಳಲ್ಲೂ ಭೇದವಿದೆ. ಎಲ್ಲವನ್ನೂ ಒಂದೇ ನಿಯಮಕ್ಕೆ ಕಟ್ಟಲಾಗದು.

ವೈದ್ಯರು: ಖಂಡಿತ. ಮೊದಲು ವಯಸ್ಸು ನೋಡಬೇಕು. ಲಸಿಕೆಯ ಸರಣಿ ಮುಗಿಯದ ಮರಿಯನ್ನು ಶಿಬಿರಕ್ಕೆ ತರಲೇಬಾರದು. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಹಿಂದೆ ಬಂದು ಹೋದ ನಾಯಿಯ ಹೇಲಿನಿಂದ ಹೊಸ ಮರಿಗೆ ತಗಲುತ್ತದೆ. ಕೀಲುನೋವಿನ, ಕಣ್ಣು ಮಂದವಾದ ಮುದಿ ನಾಯಿಗೆ ಮನೆಯ ಮೂಲೆಯೇ ಸುಖ. ಆಮೇಲೆ ತಳಿ. ಪಗ್, ಬುಲ್‌ಡಾಗ್, ಶಿಟ್ಸು ಮುಂತಾದ ಚಪ್ಪಟೆ ಮೂತಿಯ ನಾಯಿಗಳು ತೇಕಿ ಸಾಕಷ್ಟು ಮೈ ತಣಿಸಿಕೊಳ್ಳಲಾರವು, ಏರುಹಾದಿಯಲ್ಲಿ ಬೇಗ ಕುಸಿಯುತ್ತವೆ. ಮುಧೋಳದ ನಾಯಿ ಕಣ್ಣಿಗೆ ಬಿದ್ದ ಬೇಟೆಯ ಹಿಂದೆ ಓಡಲೆಂದೇ ಬೆಳೆದ ತಳಿ. ಮೊಲವೋ ಕಾಡುಕುರಿಯೋ ಕಂಡರೆ ಕರೆದವರ ದನಿ ಅದರ ಕಿವಿಗೆ ಬೀಳದು. ಬೀಗಲ್ ಮೂಗಿನ ಹಿಂದೆ ಹೋಗಿ ದಾರಿ ತಪ್ಪುತ್ತದೆ. ಲ್ಯಾಬ್ರಡಾರ್ ನೀರು ಕಂಡಲ್ಲಿ ಧುಮುಕುತ್ತದೆ.

ಸಾಕುವವರು: ತಳಿಗಿಂತ ಅಭ್ಯಾಸ ದೊಡ್ಡದು. ಒಂದೇ ಕರೆಗೆ ಮರಳಿ ಬರುವುದು, ಹಗ್ಗ ಎಳೆಯದೆ ಜೊತೆಗೆ ನಡೆಯುವುದು, ಇನ್ನೊಂದು ನಾಯಿ ಹಾದುಹೋದರೂ ಕುಳಿತೇ ಇರುವುದು, ಮಕ್ಕಳ ಗಲಾಟೆಗೆ ಬೆಚ್ಚದಿರುವುದು, ಒಂದು ಗಂಟೆ ಒಂಟಿಯಾಗಿ ಸುಮ್ಮನಿರುವುದು ಇವನ್ನೆಲ್ಲ ಕಲಿತ ಬೀದಿನಾಯಿಯ ಮರಿ, ಏನನ್ನೂ ಕಲಿಯದ ದುಬಾರಿ ತಳಿಗಿಂತ ಎಷ್ಟೋ ಒಳ್ಳೆಯ ಅತಿಥಿ.

ವೈದ್ಯರು: ಆ ಐದನ್ನೇ ಪರೀಕ್ಷೆಯಾಗಿ ಇಟ್ಟುಕೊಳ್ಳಬಹುದು. ಊರ ಪಾರ್ಕಿನಲ್ಲಿ, ನೆಂಟರ ಮನೆಯಲ್ಲಿ ಒಂದು ರಾತ್ರಿ ಕಳೆಯುವಾಗ ಇವುಗಳಲ್ಲಿ ಒಂದರಲ್ಲಿ ಎಡವಿದ ನಾಯಿ ಶಿಬಿರದಲ್ಲೂ ಎಡವುತ್ತದೆ. ಹಿಂದೆ ಯಾರನ್ನಾದರೂ ಕಚ್ಚಿದ ನಾಯಿಯನ್ನು, ಬೆದೆಗೆ ಬಂದ ಹೆಣ್ಣುನಾಯಿಯನ್ನು ಕರೆದೊಯ್ಯುವ ಮಾತೇ ಬೇಡ. ಬೆದೆಯ ವಾಸನೆಗೆ ಸುತ್ತಲ ಹಳ್ಳಿಯ ಗಂಡುನಾಯಿಗಳೆಲ್ಲ ಬೇಲಿಯ ಬಳಿ ಸೇರುತ್ತವೆ.

ಸಾಕುವವರು: ಪರೀಕ್ಷೆಯಲ್ಲಿ ಗೆದ್ದ ನಾಯಿಗೂ ಕಾದಿರುವ ಅಪಾಯಗಳು ಯಾವುವು?

ವೈದ್ಯರು: ಮೊದಲನೆಯದು ಕಾರಿನಲ್ಲೇ ಇದೆ. ಹೊರಗೆ 21–22 ಡಿಗ್ರಿಯ ತಂಪು ದಿನದಲ್ಲೂ ಬಿಸಿಲಲ್ಲಿ ನಿಂತ, ಕಿಟಕಿ ಮುಚ್ಚಿದ ಕಾರಿನೊಳಗಿನ ಶಾಖ ಒಂದು ಗಂಟೆಯಲ್ಲಿ ಸುಮಾರು 22 ಡಿಗ್ರಿ ಏರುತ್ತದೆ, ಅದರಲ್ಲೂ ಹೆಚ್ಚಿನ ಪಾಲು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿಯನ್ನು ಒಂದಿಷ್ಟು ತೆರೆದಿಟ್ಟರೂ ಹೆಚ್ಚು ವ್ಯತ್ಯಾಸವಾಗದು. ಹೋಟೆಲಿನಲ್ಲಿ ತಿಂಡಿ ಮುಗಿಸಿ ಬರುವಷ್ಟರಲ್ಲಿ ನಾಯಿ ಸಾಯಬಹುದು. ನಾಯಿಯ ಮೈಶಾಖ ಸಾಮಾನ್ಯವಾಗಿ 38ರಿಂದ 39 ಡಿಗ್ರಿಯ ಆಸುಪಾಸು ಇರುತ್ತದೆ, 41 ದಾಟಿದರೆ ಜೀವಕ್ಕೆ ಕುತ್ತು. ಒಸಡು ಕಡುಕೆಂಪಾಗಿ, ಜೊಲ್ಲು ಗಟ್ಟಿಯಾಗಿ, ನಡಿಗೆ ತೂರಾಡತೊಡಗಿದರೆ ಕೂಡಲೇ ನೆರಳಿಗೆ ತಂದು ಮೈಗೆಲ್ಲ ನೀರು ಸುರಿದು ಗಾಳಿ ಹಾಕಬೇಕು. ಮೈ ತಣಿಸುತ್ತಲೇ ಆಸ್ಪತ್ರೆಗೆ ಒಯ್ಯಬೇಕು.

ಶಿಬಿರದವರು: ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುವ ನಾಯಿಗಳೂ ಬಹಳ.

ವೈದ್ಯರು: ಹೊರಡುವ ಮೂರು ನಾಲ್ಕು ಗಂಟೆ ಮೊದಲು ಊಟ ನಿಲ್ಲಿಸಿ, ನೀರು ಮಾತ್ರ ಕೊಡುತ್ತಿದ್ದರೆ ಅರ್ಧ ತೊಂದರೆ ತಪ್ಪುತ್ತದೆ. ಎರಡು ಗಂಟೆಗೊಮ್ಮೆ ಇಳಿಸಿ ನಡೆಸಬೇಕು, ಆದರೆ ಎಲ್ಲಿ ಇಳಿಸುವುದು ಎಂದು ಮೊದಲೇ ಯೋಚಿಸಿರಬೇಕು. ಹುಲಿ ಮೀಸಲು ಪ್ರದೇಶದ ರಸ್ತೆಗಳಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಬಂಡೀಪುರ ಹಾದುಹೋಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರಕ್ಕೇ ನಿರ್ಬಂಧವಿದೆ. ಕಾಡು ತೊಡಗುವ ಮೊದಲೇ ನಾಯಿಯ ಅಗತ್ಯಗಳು ಮುಗಿದಿರಬೇಕು.

ಶಿಬಿರದವರು: ತೋಟಕ್ಕೆ ಬಂದ ಮೇಲೆ ನೆಲದಲ್ಲೇ ಅಪಾಯಗಳಿವೆ. ಕಾಫಿಗೂ ಅಡಿಕೆಗೂ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅದರಲ್ಲಿ ಮೈಲುತುತ್ತ ಇರುತ್ತದೆ. ಹೊಡೆದ ದಿನಗಳಲ್ಲಿ ನಾಯಿ ಎಲೆ ನೆಕ್ಕುವುದಾಗಲಿ, ಡ್ರಮ್ಮಿನ ನೀರು ಕುಡಿಯುವುದಾಗಲಿ ಆಗಬಾರದು. ಇಲಿ ಪಾಷಾಣ ಇಟ್ಟಿರುತ್ತಾರೆ. ಕಾಡುಹಂದಿಗೆಂದು ಕದ್ದು ಒಡ್ಡಿದ ತಂತಿಯ ಉರುಳುಗಳು ಬೇಲಿಯ ಸಂದುಗಳಲ್ಲಿರಬಹುದು. ಅದಕ್ಕೆ ನಾಯಿಯ ಕತ್ತು ಸಿಕ್ಕಿದರೆ ಎಳೆದಷ್ಟೂ ಬಿಗಿಯುತ್ತದೆ. ದಾಂಡೇಲಿಯಲ್ಲಿ ಕಾಳಿ ನದಿಯ ಮೊಸಳೆಗಳನ್ನು ನೋಡಲೆಂದೇ ಜನ ಬರುತ್ತಾರೆ. ಅದೇ ನೀರಿಗೆ ನಾಯಿಯನ್ನು ಈಜಲು ಬಿಡುವುದು ಅದನ್ನು ಕೈಯಾರೆ ಕೊಂದಂತೆ.

ವೈದ್ಯರು: ಕಾಫಿಯ ಹಣ್ಣು, ಬೀಜ ಎರಡರಲ್ಲೂ ಇರುವ ಕೆಫೀನ್ ನಾಯಿಗೆ ವಿಷ. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿಯೂ ಹಾಗೆಯೇ. ಬೆಂಕಿಯ ಸುತ್ತ ಕೂತವರು ಪ್ರೀತಿಯಿಂದ ಎಸೆಯುವ ಬೆಂದ ಕೋಳಿಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಹಾವಿನ ಮಾತೂ ಹೇಳಬೇಕು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಪ್ರತಿವಿಷವಿದೆ, ನಾಯಿಗೂ ಅದನ್ನೇ ಕೊಡುತ್ತಾರೆ. ಆದರೆ ಪಶ್ಚಿಮಘಟ್ಟದ ತೋಟಗಳ ತರಗೆಲೆಯಲ್ಲಿ ಮಲಗಿರುವ ಗೂನುಮೂಗಿನ ಗುಳಿಮಂಡಲದ ವಿಷಕ್ಕೆ ಆ ಮದ್ದು ತಾಗುವುದಿಲ್ಲ. ತರಗೆಲೆಯ ರಾಶಿಗೆ ಮೂತಿ ತೂರಿಸುವುದು ನಾಯಿಯ ಸ್ವಭಾವ. ಹಾವು ಕಚ್ಚಿದರೆ ಹೆಚ್ಚಾಗಿ ಮುಖಕ್ಕೆ, ಮುಂಗಾಲಿಗೇ ಕಚ್ಚುತ್ತದೆ.

ಸಾಕುವವರು: ಉಣುಗು ಮತ್ತು ಇಂಬಳದ ಭಯ ಎಲ್ಲರಿಗೂ ಇದೆ.

ವೈದ್ಯರು: ಇಂಬಳ ಮಳೆಗಾಲದ ಕಾಟ. ಮೂಗಿನೊಳಗೆ, ಕಣ್ಣಂಚಿನಲ್ಲಿ ಹೊಕ್ಕರೆ ಮಾತ್ರ ವೈದ್ಯರು ತೆಗೆಯಬೇಕು. ಉಣುಗು ಅದಕ್ಕಿಂತ ಗಂಭೀರ. ಅದು ಕಚ್ಚಿದಾಗ ಎರ್ಲಿಕಿಯಾ, ಬೆಬೀಸಿಯಾ ಎಂಬ ರೋಗಾಣುಗಳು ರಕ್ತಕ್ಕೆ ಸೇರುತ್ತವೆ. ಪ್ರವಾಸ ಮುಗಿದು ಒಂದೆರಡು ವಾರದ ಮೇಲೆ ಜ್ವರ, ಊಟ ಬಿಡುವುದು, ಮೂಗಿನಲ್ಲಿ ರಕ್ತ, ಕೆಂಪು ಮೂತ್ರ ಕಾಣಿಸಿಕೊಳ್ಳುತ್ತವೆ. ಆಗ ವೈದ್ಯರಿಗೆ ಮಲೆನಾಡಿಗೆ ಹೋಗಿದ್ದ ಸಂಗತಿ ಹೇಳಲೇಬೇಕು. ಮನುಷ್ಯರಿಗೆ ಸಂಬಂಧಿಸಿದ್ದೂ ಒಂದಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಬಳಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುವಂಥದ್ದು. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಅದರ ಕಾಲ. ಪೊದೆ ನುಗ್ಗಿ ಬಂದ ನಾಯಿ ತನ್ನ ತುಪ್ಪಳದಲ್ಲಿ ಉಣುಗುಗಳನ್ನು ಹೊತ್ತು ಟೆಂಟಿನೊಳಗೆ, ಮಕ್ಕಳ ಹಾಸಿಗೆಗೆ ತರುತ್ತದೆ. ಆ ತಿಂಗಳುಗಳಲ್ಲಿ ಕಾಯಿಲೆ ಇರುವ ಕಡೆಗೆ ನಾಯಿಯನ್ನು ಒಯ್ಯದಿರುವುದೇ ಮೇಲು.

ಶಿಬಿರದವರು: ಮಲೆನಾಡಿನವರಿಗೆಲ್ಲ ಗೊತ್ತಿರುವ ಇನ್ನೊಂದು ಅಪಾಯ ಚಿರತೆ. ಕಟ್ಟಿಹಾಕಿದ ನಾಯಿಯನ್ನು ಜಗಲಿಯಿಂದಲೇ ಹೊತ್ತೊಯ್ಯುತ್ತದೆ. ಮಹಾರಾಷ್ಟ್ರದ ಅಕೋಲೆಯಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಊರುಗಳ ನಡುವೆ ಬದುಕುವ ಚಿರತೆಗಳ ಆಹಾರದಲ್ಲಿ ಯಾವೊಂದು ಪ್ರಾಣಿಗಿಂತಲೂ ಸಾಕುನಾಯಿಯ ಪಾಲೇ ದೊಡ್ಡದು ಎಂದು ಕಂಡುಬಂತು. ತೂಕದ ಲೆಕ್ಕದಲ್ಲಿ ಅದು ಶೇ. 39. ಟೆಂಟಿನ ಹೊರಗೆ ಗೂಟಕ್ಕೆ ಕಟ್ಟಿದ ನಾಯಿ ಚಿರತೆಯನ್ನು ಮಕ್ಕಳು ಮಲಗಿರುವ ಕಡೆಗೇ ಕರೆಯುತ್ತದೆ. ಇನ್ನು ಆನೆ, ಕಾಟಿ. ನಾಯಿ ಓಡಿಹೋಗಿ ಆನೆಗೆ ಬೊಗಳುತ್ತದೆ, ಆನೆ ತಿರುಗಿ ಬಿದ್ದಾಗ ಜೀವ ಉಳಿಸಿಕೊಳ್ಳಲು ಒಡೆಯನ ಬಳಿಗೇ ಓಡಿಬರುತ್ತದೆ. ಹಿಂದೆ ಆನೆಯೂ ಬರುತ್ತದೆ.

ಸಾಕುವವರು: ಇವೆಲ್ಲ ನಾಯಿಗೆ ಬರುವ ಅಪಾಯ. ನಾಯಿಯಿಂದ ಕಾಡಿಗೆ ಆಗುವ ಕೆಡುಕು ಅಷ್ಟು ದೊಡ್ಡದೇ? ಹಳ್ಳಿಗಳಲ್ಲಿ ಮೊದಲೇ ನೂರಾರು ನಾಯಿಗಳಿವೆಯಲ್ಲ?

ವೈದ್ಯರು: ಇವೆ, ಆದ್ದರಿಂದಲೇ ಹೊಸ ಹೊರೆ ಸೇರಬಾರದು. ಕೆನೈನ್ ಡಿಸ್ಟೆಂಪರ್ ಎಂಬ ವೈರಸ್ ಸಾಕುನಾಯಿಗಳಲ್ಲಿ ಸದಾ ಸುತ್ತುತ್ತಿರುತ್ತದೆ. 1994ರಲ್ಲಿ ಆಫ್ರಿಕದ ಸೆರೆಂಗೆಟಿಯ ಸಿಂಹಗಳಲ್ಲಿ ಸುಮಾರು ಮೂರನೇ ಒಂದು ಭಾಗ ಅದರಿಂದ ಅಳಿಯಿತು. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಪರೀಕ್ಷಿಸಿದ ಹಲವು ಸಿಂಹಗಳಲ್ಲಿ ಇದೇ ವೈರಸ್ ಸಿಕ್ಕಿತು. ನಾಗರಹೊಳೆ, ಬಂಡೀಪುರ, ಭದ್ರಾ, ಕಾಳಿ ಕಾಡುಗಳಲ್ಲಿ ಹುಲಿ, ಚಿರತೆಯ ಜೊತೆಗೆ ಸೀಳುನಾಯಿಗಳಿವೆ. ಅವು ನಾಯಿಯ ಹತ್ತಿರದ ಬಳಗ, ಗುಂಪಾಗಿ ಬದುಕುವಂಥವು. ಒಂದಕ್ಕೆ ತಗಲಿದ ರೋಗ ಇಡೀ ಗುಂಪನ್ನು ಮುಗಿಸಬಲ್ಲದು. ಲಸಿಕೆ ಹಾಕಿಸಿದ ನಾಯಿಯಿಂದ ಈ ಅಪಾಯ ಬಹಳ ಕಡಿಮೆ. ಆದರೆ ಅಟ್ಟಾಡಿಸುವ ಕೆಡುಕನ್ನು ಲಸಿಕೆ ತಡೆಯಲಾರದು. ಜಿಂಕೆಮರಿ, ಮೊಲ, ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗೆ ಒಂದು ಓಟವೇ ಸಾವಾಗಬಹುದು.

ಶಿಬಿರದವರು: ಹಳ್ಳಿಯ ನಾಯಿಗಳಿಗೂ ತಮ್ಮ ಸರಹದ್ದಿದೆ. ತೋಟದ ಮನೆಯ ನಾಯಿಗಳು ಹಗಲಿರುಳು ಬಿಚ್ಚಿಕೊಂಡೇ ಇರುತ್ತವೆ, ಆ ನೆಲವನ್ನು ಕಾಯುವುದೇ ಅವುಗಳ ಕೆಲಸ. ಪಟ್ಟಣದಿಂದ ಬಂದ ನಾಯಿ ಅವುಗಳಿಗೆ ನುಸುಳಿ ಬಂದ ವೈರಿ. ಕಾದಿರಿಸುವ ಮೊದಲು ಅಲ್ಲಿಯ ನಾಯಿಗಳ ಬಗ್ಗೆ ಕೇಳದೆ ಬಂದವರು ಮೊದಲ ಸಂಜೆಯೇ ಹೊಲಿಗೆ ಹಾಕಿಸಲು ಆಸ್ಪತ್ರೆ ಹುಡುಕಬೇಕಾಗುತ್ತದೆ.

ಸಾಕುವವರು: ಜನರ ವಿಷಯಕ್ಕೆ ಬಂದರೆ, ನಾಯಿ ಇದುವರೆಗೆ ಯಾರನ್ನೂ ಕಚ್ಚಿಲ್ಲ ಎಂಬುದು ಸಾಕಿದವರ ಸಾಮಾನ್ಯ ಭರವಸೆ.

ವೈದ್ಯರು: ಆ ಭರವಸೆ ಮನೆಯ ನಾಲ್ಕು ಗೋಡೆಯೊಳಗೆ ಕಂಡದ್ದರ ಮೇಲೆ ನಿಂತಿದೆ. ಶಿಬಿರದಲ್ಲಿ ಅಪರಿಚಿತ ಮಗು ಓಡಿಬಂದು ಕೊರಳು ತಬ್ಬುತ್ತದೆ, ಮಲಗಿದಾಗ ಬಾಲ ಎಳೆಯುತ್ತದೆ, ಉಣ್ಣುವಾಗ ತಟ್ಟೆಗೆ ಕೈ ಹಾಕುತ್ತದೆ. ಮಗುವಿನ ಮುಖವೂ ನಾಯಿಯ ಬಾಯಿಯೂ ಒಂದೇ ಎತ್ತರದಲ್ಲಿರುವುದರಿಂದ ಕಚ್ಚಿದರೆ ಗಾಯ ತಲೆ, ಮುಖ, ಕತ್ತಿಗೇ ಆಗುತ್ತದೆ. ನಾಯಿಯನ್ನು ಮುಟ್ಟುವ ಮೊದಲು ಒಡೆಯರನ್ನು ಕೇಳಬೇಕೆಂದು ಮಕ್ಕಳಿಗೆ ಕಲಿಸುವುದು ದೊಡ್ಡವರ ಹೊಣೆ, ಆದರೆ ಕಲಿಯದ ಮಗುವಿನಿಂದಲೂ ನಾಯಿಯನ್ನು ದೂರ ಇಡುವುದು ಒಡೆಯರ ಹೊಣೆ. ಕಚ್ಚಿದ್ದೇ ಆದರೆ ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ನಾಯಿಗೆ ಲಸಿಕೆ ಆಗಿದೆ ಎಂಬ ಮಾತು ನಂಬಿ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಲಕ್ಷಣ ಕಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ವಿರಳ. ಹತ್ತು ದಿನ ನಾಯಿಯ ಮೇಲೆ ಕಣ್ಣಿಡಬೇಕು, ಅಂದರೆ ಒಡೆಯರ ವಿಳಾಸ ಕಚ್ಚಿಸಿಕೊಂಡವರ ಕೈಯಲ್ಲಿರಬೇಕು.

ಶಿಬಿರದವರು: ಕಚ್ಚುವುದಕ್ಕಿಂತ ಹೆಚ್ಚು ದೂರು ಬರುವುದು ಹೇಲು ಮತ್ತು ಬೊಗಳಿಕೆಯ ಬಗ್ಗೆ.

ವೈದ್ಯರು: ಹೇಲಿನ ದೂರು ಬರೀ ಅಸಹ್ಯದ ಮಾತಲ್ಲ. ಅದರಿಂದ ಹರಡುವ ದುಂಡುಹುಳುವಿನ ಮೊಟ್ಟೆಗಳು, ಕೊಕ್ಕೆಹುಳುವಿನ ಮರಿಗಳು ಬರಿಗಾಲಲ್ಲಿ ಮರಳಿನಲ್ಲಿ ಆಡುವ ಮಕ್ಕಳ ಹೊಟ್ಟೆಗೆ, ಚರ್ಮಕ್ಕೆ ಸೇರುತ್ತವೆ. ಹೊರಡುವ ಮೊದಲು ಹುಳದ ಮದ್ದು ಕೊಡಿಸುವುದು, ಹೇಲನ್ನು ಚೀಲದಲ್ಲಿ ತೆಗೆದು ಕಸದ ಡಬ್ಬಿಗೇ ಹಾಕುವುದು ಎರಡೂ ಕಡ್ಡಾಯ. ಕಾಫಿ ಗಿಡದ ಬುಡಕ್ಕೆ ಗೊಬ್ಬರವಾಗುತ್ತದೆ ಎಂದು ಬಿಡುವುದು ತಪ್ಪು. ಆ ಗಿಡಗಳ ಬುಡದಲ್ಲಿ ಕೂಲಿಯವರು ಬರಿಗೈಯಲ್ಲಿ ಕಳೆ ಕೀಳುತ್ತಾರೆ, ಹಣ್ಣು ಆಯುತ್ತಾರೆ.

ಸಾಕುವವರು: ಇಷ್ಟು ನಿಯಮ ಪಾಲಿಸಲು ಸಿದ್ಧರಿರುವವರಿಗೆ ಶಿಬಿರಗಳೂ ನ್ಯಾಯವಾಗಿ ನಡೆದುಕೊಳ್ಳಬೇಕು. ನಾಯಿಗೆ ಸ್ವಾಗತ ಎಂದು ಜಾಹೀರಾತು ಹಾಕಿ, ಹೆಚ್ಚುವರಿ ಹಣ ಪಡೆದು, ಬಂದ ಮೇಲೆ ಊಟದ ಮನೆಗೆ ಬಿಡುವುದಿಲ್ಲ, ಕೋಣೆಯೊಳಗೆ ಬಿಡುವುದಿಲ್ಲ, ಹೊರಗೆ ಕಟ್ಟಿ ಎನ್ನುವುದು ಮೋಸ.

ಶಿಬಿರದವರು: ಆ ದೂರು ನ್ಯಾಯವಾದದ್ದು. ನಾಯಿಯನ್ನು ಒಪ್ಪಿಕೊಳ್ಳುವ ಶಿಬಿರ ಏರ್ಪಾಡು ಮಾಡಿಕೊಂಡೇ ಒಪ್ಪಿಕೊಳ್ಳಬೇಕು. ನಾಯಿಯಿರುವ ಕುಟುಂಬಗಳಿಗೆ ಅಂಚಿನ ಒಂದು ಸಾಲಿನ ಕಾಟೇಜುಗಳು, ಎತ್ತರದ ಬೇಲಿಯ ಒಂದು ಓಡಾಟದ ಅಂಗಳ, ನೆರಳು, ನೀರು, ಮುಚ್ಚಳದ ಕಸದ ಡಬ್ಬಿ ಬೇಕು. ಒಂದು ಹೊತ್ತಿಗೆ ಎಷ್ಟು ನಾಯಿ ಎಂಬ ಮಿತಿ ಬೇಕು. ಎಲ್ಲಿಗೆ ಬರಬಹುದು, ಎಲ್ಲಿಗೆ ಬಾರದು, ಶುಲ್ಕ ಎಷ್ಟು, ಹತ್ತಿರದ ಪಶುವೈದ್ಯರು ಎಷ್ಟು ದೂರ ಎಂಬುದೆಲ್ಲ ಹಣ ಪಡೆಯುವ ಮೊದಲೇ ಬರಹದಲ್ಲಿ ತಿಳಿಸಬೇಕು. ಶಿಬಿರದಲ್ಲಿ ನಾಯಿಗಳಿರುತ್ತವೆ ಎಂದು ಉಳಿದ ಅತಿಥಿಗಳಿಗೂ ಮೊದಲೇ ಹೇಳಬೇಕು. ಮನೆಯವರೇ ಅಡುಗೆ ಮಾಡಿ ಬಡಿಸುವ ಹೋಂಸ್ಟೇಗಳಲ್ಲಿ ಅಡುಗೆಮನೆ, ದೇವರಮನೆಯ ಕಡೆಗೆ ನಾಯಿ ಬಾರದಂತೆ ಕಾಯುವುದು ಆ ಮನೆಗೆ ತೋರುವ ಗೌರವ. ಇವಷ್ಟನ್ನೂ ಮಾಡಲಾಗದ ಶಿಬಿರ, ನಾಯಿಗಳಿಗೆ ಪ್ರವೇಶವಿಲ್ಲ ಎಂದು ನೇರವಾಗಿ ಹೇಳುವುದೇ ಪ್ರಾಮಾಣಿಕತನ. ಟೆಂಟು ಮಾತ್ರ ಇರುವ, ಗಟ್ಟಿ ಗೋಡೆಯಿಲ್ಲದ ಕಾಡಂಚಿನ ಶಿಬಿರ ಹಾಗೆ ಹೇಳಲೇಬೇಕು.

ಸಾಕುವವರು: ಎಲ್ಲ ಒಗ್ಗಿತು, ಕರೆದೊಯ್ಯುವುದೆಂದು ತೀರ್ಮಾನವಾಯಿತು ಎಂದಿಟ್ಟುಕೊಂಡರೆ, ಸಿದ್ಧತೆ ಹೇಗೆ?

ವೈದ್ಯರು: ಒಂದು ತಿಂಗಳ ಮೊದಲೇ ತೊಡಗಬೇಕು. ರೇಬೀಸ್ ಲಸಿಕೆ ಮತ್ತು ಡಿಸ್ಟೆಂಪರ್, ಪಾರ್ವೊ, ಇಲಿಜ್ವರ ಸೇರಿದ ಲಸಿಕೆ ಚಾಲ್ತಿಯಲ್ಲಿರಬೇಕು. ಮಳೆಗಾಲದಲ್ಲಿ ಇಲಿಯ ಮೂತ್ರ ಸೇರಿದ ನಿಂತ ನೀರಿನಿಂದ ಇಲಿಜ್ವರ ನಾಯಿಗೂ ಮನುಷ್ಯರಿಗೂ ಬರುತ್ತದೆ. ಮೊದಲ ಬಾರಿ ರೇಬೀಸ್ ಲಸಿಕೆ ಹಾಕಿಸಿದ್ದರೆ ಕನಿಷ್ಠ ಮೂರು ವಾರ ಕಳೆದಿರಬೇಕು. ಉಣುಗಿನ ಮಾತ್ರೆಯನ್ನೋ ಬೆನ್ನಿಗೆ ಹಾಕುವ ಹನಿಯನ್ನೋ ವೈದ್ಯರ ಸಲಹೆಯಂತೆ ಮೊದಲೇ ಕೊಟ್ಟಿರಬೇಕು. ಲಸಿಕೆಯ ಪುಸ್ತಕ ಜೊತೆಗಿರಲಿ. ಕೊರಳಪಟ್ಟಿಯಲ್ಲಿ ಫೋನ್ ಸಂಖ್ಯೆ ಇರಲಿ, ಮೈಕ್ರೋಚಿಪ್ ಹಾಕಿಸಿದ್ದರೆ ಇನ್ನೂ ಒಳ್ಳೆಯದು. ನಾಯಿ ದಿನವೂ ತಿನ್ನುವ ಆಹಾರವನ್ನೇ ಕೊಂಡೊಯ್ಯಬೇಕು, ಹೊಸ ಊರಲ್ಲಿ ಹೊಸ ಆಹಾರ ಕೊಟ್ಟರೆ ಭೇದಿಯಾಗಬಹುದು. ಅದು ಮಲಗುವ ಹಳೆಯ ಕಂಬಳಿ ತಂದರೆ ರಾತ್ರಿಯ ಕಳವಳ ಅರ್ಧಕ್ಕಿಳಿಯುತ್ತದೆ.

ಶಿಬಿರದವರು: ಬಂದ ಮೇಲಿನ ದಿನಚರಿ ಸರಳ. ಬೆಳಗಾಗಿ ಮಂಜು ಸರಿದ ಮೇಲೆ ಒಂದು ನಡಿಗೆ, ಕತ್ತಲಾಗುವ ಮೊದಲು ಇನ್ನೊಂದು. ನಡಿಗೆ ರಸ್ತೆಯಲ್ಲೇ, ಹಗ್ಗ ದೊಡ್ಡವರ ಕೈಯಲ್ಲೇ. ಕತ್ತಲಾದ ಮೇಲೆ ನಾಯಿ ಗಟ್ಟಿ ಬಾಗಿಲಿನ ಒಳಗೇ ಇರಬೇಕು. ಈಜುಕೊಳ, ಊಟದ ಮನೆ, ಮಕ್ಕಳ ಆಟದ ಬಯಲು ಅದಕ್ಕಲ್ಲ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಶಿಬಿರ ಸದ್ದಿಲ್ಲದೆ ಇರಬೇಕು. ಬೊಗಳುವುದು ನಿಲ್ಲದ ನಾಯಿಯ ಜೊತೆ ಒಡೆಯರು ಒಳಗಿರಬೇಕು, ಬಿಟ್ಟು ಹೊರಗೆ ಕೂರುವಂತಿಲ್ಲ. ದಿನದ ಕೊನೆಗೆ ಕಿವಿಯ ಒಳಗೆ, ಕಂಕುಳು, ಬೆರಳ ಸಂದು, ಬಾಲದ ಬುಡ ಹುಡುಕಿ ಉಣುಗು ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಬೇಕು, ಬರಿಬೆರಳಿನಿಂದ ಹೊಸಕಬಾರದು. ಹೊಸವರ್ಷದ ಹಿಂದಿನ ರಾತ್ರಿ, ದೀಪಾವಳಿಯ ವಾರ ಬಹುಪಾಲು ಶಿಬಿರಗಳಲ್ಲಿ ಪಟಾಕಿ, ಧ್ವನಿವರ್ಧಕದ ಗದ್ದಲವಿರುತ್ತದೆ. ಹೆದರಿ ಹಗ್ಗ ಕಿತ್ತು ಓಡಿದ ನಾಯಿ ಗುರುತಿಲ್ಲದ ತೋಟಗಳಲ್ಲಿ ಸಿಗುವುದು ಕಷ್ಟ. ಆ ದಿನಗಳಲ್ಲಿ ಕರೆತರಲೇಬಾರದು.

ಸಾಕುವವರು: ಬಿಟ್ಟು ಹೋಗುವುದೆಂದಾದರೆ, ಅದೂ ಪ್ರೀತಿಯಿಂದಲೇ ಆಗಬೇಕು.

ವೈದ್ಯರು: ಅದಕ್ಕೂ ಸಿದ್ಧತೆ ಬೇಕು. ಎಲ್ಲಕ್ಕಿಂತ ಒಳ್ಳೆಯದು ನಾಯಿಗೆ ಪರಿಚಯವಿರುವ ಒಬ್ಬರು ಮನೆಗೇ ಬಂದು ಉಳಿಯುವುದು. ಎರಡನೆಯದು ಅದು ಮೊದಲೇ ಹೋಗಿ ಬಂದಿರುವ ನೆಂಟರ ಅಥವಾ ಗೆಳೆಯರ ಮನೆ. ಮೂರನೆಯದು ನಾಯಿಗಳನ್ನು ಇಟ್ಟುಕೊಳ್ಳುವ ಬೋರ್ಡಿಂಗ್. ಅದನ್ನು ಫೋನಿನಲ್ಲಿ ಆರಿಸಬಾರದು. ಖುದ್ದಾಗಿ ಹೋಗಿ ಗೂಡುಗಳು, ನೆಲದ ಚೊಕ್ಕಟ, ಗಾಳಿ, ರಾತ್ರಿ ಕಾವಲಿಗೆ ಯಾರಿದ್ದಾರೆ ಎಂದು ನೋಡಬೇಕು. ಬರುವ ಪ್ರತಿ ನಾಯಿಯ ಲಸಿಕೆಯ ಪುಸ್ತಕ ಕೇಳದ ಜಾಗದಲ್ಲಿ ಬಿಡಬಾರದು. ದೊಡ್ಡ ಪ್ರವಾಸಕ್ಕೆ ಮೊದಲು ಒಂದು ರಾತ್ರಿ ಅಲ್ಲಿ ಬಿಟ್ಟು ನೋಡಿದರೆ ನಾಯಿ ಹೇಗೆ ಹೊಂದಿಕೊಳ್ಳುತ್ತದೆಂದು ತಿಳಿಯುತ್ತದೆ. ಮನೆಯವರ ವಾಸನೆಯ ಒಂದು ಬಟ್ಟೆ, ಎಂದಿನ ಆಹಾರ, ವೈದ್ಯರ ಫೋನ್ ಸಂಖ್ಯೆ ಕೊಟ್ಟು ಹೋಗಬೇಕು. ಹೀಗೆ ಬಿಟ್ಟ ನಾಯಿ ಮೊದಲ ದಿನ ಮಂಕಾಗಿದ್ದರೂ ಸಾಮಾನ್ಯವಾಗಿ ಬೇಗ ಹೊಂದಿಕೊಳ್ಳುತ್ತದೆ. ಭಯದಲ್ಲಿ ಕಾಡಂಚಿನ ಟೆಂಟಿನಲ್ಲಿ ಕಳೆಯುವ ಮೂರು ರಾತ್ರಿಗಿಂತ ಅದು ಎಷ್ಟೋ ಮೇಲು.

ಸಾಕುವವರು: ಒಟ್ಟಿನಲ್ಲಿ ನಿಲ್ಲುವ ನಿಯಮ ಯಾವುದು?

ಶಿಬಿರದವರು: ಕಾಡಿಗೆ ತಾಗಿದ ಶಿಬಿರ, ಸಫಾರಿ ಅಥವಾ ಚಾರಣಕ್ಕೆಂದು ಹೊರಟ ಪ್ರವಾಸ, ಮಂಗನ ಕಾಯಿಲೆಯ ಕಾಲ ಮತ್ತು ಪ್ರದೇಶ, ಪಟಾಕಿಯ ದಿನಗಳು ಇವುಗಳಲ್ಲಿ ಯಾವುದೇ ಒಂದಿದ್ದರೂ ನಾಯಿ ಮನೆಯಲ್ಲಿರಲಿ. ಊರಿಗೆ ಹತ್ತಿರದ, ಗಟ್ಟಿ ಗೋಡೆಯ, ಬೇಲಿಯಿರುವ ಜಾಗವಾಗಿದ್ದು, ಶಿಬಿರ ಬರಹದಲ್ಲಿ ಒಪ್ಪಿದ್ದರೆ ಬರಲಿ.

ವೈದ್ಯರು: ಬರುವ ನಾಯಿ ಬೆಳೆದದ್ದಾಗಿರಬೇಕು, ಆರೋಗ್ಯವಾಗಿರಬೇಕು, ಲಸಿಕೆ ಮುಗಿದಿರಬೇಕು, ಕರೆದರೆ ಬರುವಂತಿರಬೇಕು, ಜನರ ನಡು ನೆಮ್ಮದಿಯಿಂದಿರಬೇಕು.

ಸಾಕುವವರು: ಕರೆತರುವವರು ರಜೆಯ ಪ್ರತಿ ಗಂಟೆಯೂ ಹಗ್ಗದ ಇನ್ನೊಂದು ತುದಿ ಹಿಡಿದಿರಲು ಸಿದ್ಧರಿರಬೇಕು. ಅದು ಹೊರೆ ಎನಿಸುವವರು ನಾಯಿಯನ್ನು ಒಳ್ಳೆಯ ಕೈಗಳಲ್ಲಿ ಬಿಟ್ಟು ಹೋಗುವುದೇ ಅದಕ್ಕೆ ಮಾಡುವ ಉಪಕಾರ.